ಪ್ರಾರ್ಥನೆಯ ಮಾತೇ ಹೊರಡದ ಕಾಲದಲ್ಲಿ ವಿಶ್ವಾಸವು ಬಲವಾಗುವುದು ಹೇಗೆ?

ಪ್ರಶ್ನೆ
ಬರೆದವರು: ಮುಸ್ಸಂಜೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು.

ನನ್ನ ಪತಿಯವರ ಮೂತ್ರಪಿಂಡಗಳು ಕೆಲಸ ನಿಲ್ಲಿಸಿ ಬಹಳ ಕಾಲವಾಯಿತು. ವಾರಕ್ಕೆ ಮೂರು ಬಾರಿ ಡಯಾಲಿಸಿಸ್ ಆಗಲೇಬೇಕಾದ್ದರಿಂದ ಅವರು ಉದ್ಯೋಗವನ್ನು ಬಿಡಬೇಕಾಯಿತು. ಮನೆಯ ಖರ್ಚು, ಮಕ್ಕಳ ಓದು, ಆಸ್ಪತ್ರೆಯ ಓಡಾಟ ಎಲ್ಲವೂ ಈಗ ನನ್ನೊಬ್ಬಳ ದುಡಿಮೆಯ ಮೇಲೆ ನಿಂತಿವೆ. ನಾನು ಚಿಕ್ಕಂದಿನಿಂದ ಕ್ರೈಸ್ತ ಸಭೆಯಲ್ಲಿಯೇ ಬೆಳೆದವಳು. ದೇವರಿದ್ದಾನೆಯೇ ಇಲ್ಲವೇ ಎಂಬ ಸಂದೇಹ ನನಗಿಲ್ಲ. ನನ್ನ ತೊಂದರೆ ಬೇರೆ. ರಾತ್ರಿ ಎಲ್ಲ ಕೆಲಸ ಮುಗಿಸಿ ಮೊಣಕಾಲೂರಿದರೆ ಬಾಯಿಂದ ಮಾತೇ ಹೊರಡುವುದಿಲ್ಲ. ಹೊರಟರೂ ಅದು ಸ್ತೋತ್ರವಾಗಿರದೆ, ಇನ್ನೂ ಎಷ್ಟು ದಿನ ಹೀಗೆ ಎಂದು ದೇವರೊಡನೆ ಮಾಡುವ ಜಗಳವಾಗಿರುತ್ತದೆ.

ಸಭೆಯವರು ಕೆಟ್ಟವರಲ್ಲ. ಆದರೆ ಮನೆಗೆ ಬಂದವರೆಲ್ಲ ಒಂದೊಂದು ವಚನವನ್ನು ಹೇಳಿ ಹೋಗುತ್ತಾರೆ. ‘ನನ್ನನ್ನು ಬಲಪಡಿಸುವಾತನಲ್ಲಿ ಎಲ್ಲಕ್ಕೂ ಶಕ್ತನಾಗಿದ್ದೇನೆ’ ಎಂದು ಒಬ್ಬರು ಹೇಳಿದರೆ, ತಾಳಲಾರದಷ್ಟು ಭಾರವನ್ನು ದೇವರು ಯಾರ ಮೇಲೂ ಹೊರಿಸುವುದಿಲ್ಲವೆಂದು ಇನ್ನೊಬ್ಬರು ಹೇಳುತ್ತಾರೆ. ಹಿರಿಯರೊಬ್ಬರು, ಅರಿಕೆ ಮಾಡದೆ ಉಳಿದ ಪಾಪವೇನಾದರೂ ಮನೆಯಲ್ಲಿದೆಯೇ ಎಂದು ನನ್ನ ಪತಿಯವರ ಎದುರಿಗೇ ಕೇಳಿದರು. ಅಂದಿನಿಂದ ಅವರು ಪ್ರಾರ್ಥನೆಗೆಂದು ಯಾರನ್ನೂ ಕರೆಯಬೇಡ ಎನ್ನುತ್ತಿದ್ದಾರೆ.

ನಾನು ತಿಳಿಯಬಯಸುವುದು ಇಷ್ಟು. ದೇವರೊಡನೆ ಜಗಳವಾಡುವುದು ಅವಿಶ್ವಾಸವೇ? ವಿಶ್ವಾಸದಿಂದ ಬಲ ಸಿಗುತ್ತದೆ ಎಂದು ಹೇಳುತ್ತಾರಲ್ಲ, ಆ ಬಲ ಬಂದಿದೆಯೆಂದು ಗೊತ್ತಾಗುವುದು ಹೇಗೆ? ಇಂಥ ಕಾಲವನ್ನು ದಾಟಿದವರು ದಿನನಿತ್ಯ ಏನು ಮಾಡುತ್ತಿದ್ದರೆಂದು ದಯವಿಟ್ಟು ತಿಳಿಸಿ.

ಉತ್ತರ 1
ಬರೆದವರು: ಹಳೆಯ ಓದುಗ

ಪ್ರಿಯ ಸಹೋದರಿ, ತಾವು ಜಗಳವೆಂದು ಕರೆದದ್ದನ್ನು ಸತ್ಯವೇದವು (ಬೈಬಲ್) ಪ್ರಾರ್ಥನೆಯೆಂದೇ ಎಣಿಸುತ್ತದೆ. ಕೀರ್ತನೆಗಳ ಪುಸ್ತಕದಲ್ಲಿರುವ 150 ಕೀರ್ತನೆಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಮೊರೆ, ದೂರು ಮತ್ತು ಗೋಳಾಟಗಳೇ ಆಗಿವೆ. 13ನೆಯ ಕೀರ್ತನೆಯನ್ನು ತೆರೆದು ನೋಡಿ. ತಮ್ಮ ಬಾಯಿಂದ ರಾತ್ರಿ ಹೊರಡುವ ‘ಇನ್ನೂ ಎಷ್ಟು ದಿನ’ ಎಂಬ ಪ್ರಶ್ನೆಯೇ ಅದರ ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ ಬರುತ್ತದೆ. 44ನೆಯ ಕೀರ್ತನೆಯು ಇನ್ನೂ ಮುಂದೆ ಹೋಗಿ, ಯಾಕೆ ನಿದ್ರಿಸುತ್ತೀ, ಎದ್ದೇಳು ಎಂದು ಕರ್ತನನ್ನೇ ಎಬ್ಬಿಸುತ್ತದೆ. ಈ ಮಾತನ್ನು ನಮ್ಮಲ್ಲಿ ಯಾರಾದರೂ ವಾರದ ಪ್ರಾರ್ಥನಾಕೂಟದಲ್ಲಿ ಸ್ವಂತ ಮಾತಾಗಿ ಆಡಿದರೆ ಪಕ್ಕದವರು ಕಣ್ಣು ತೆರೆದು ನೋಡಿಯಾರು.

ನನಗೆ ಹೆಚ್ಚು ಮುಖ್ಯವೆನಿಸುವುದು 88ನೆಯ ಕೀರ್ತನೆ. ಬಹುತೇಕ ಗೋಳಾಟದ ಕೀರ್ತನೆಗಳು ಕೊನೆಯ ಹೊತ್ತಿಗೆ ಭರವಸೆಯ ಕಡೆಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಕತ್ತಲೆಯಲ್ಲಿ ಶುರುವಾಗಿ ಕತ್ತಲೆಯಲ್ಲಿಯೇ ನಿಂತುಬಿಡುತ್ತದೆ. ಕೀರ್ತನೆಗಳನ್ನು ಒಟ್ಟುಗೂಡಿಸಿದವರು ಸಮಾಧಾನದ ಒಂದು ವಚನವನ್ನು ಕೊನೆಗೆ ಸೇರಿಸಬಹುದಾಗಿತ್ತು. ಅವರು ಸೇರಿಸಲಿಲ್ಲ, ಪುಸ್ತಕದಿಂದ ಕಿತ್ತುಹಾಕಲೂ ಇಲ್ಲ. ಯೆಹೂದ್ಯರೂ ಕ್ರೈಸ್ತರೂ ತಲೆಮಾರುಗಳಿಂದ ಅದನ್ನು ದೇವರ ಸನ್ನಿಧಿಯಲ್ಲಿ ಓದುತ್ತಲೇ ಬಂದಿದ್ದಾರೆ. ಯೇಸುಸ್ವಾಮಿ ಶಿಲುಬೆಯ ಮೇಲೆ ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ’ ಎಂದು ಕೂಗಿದ್ದೂ 22ನೆಯ ಕೀರ್ತನೆಯ ಮೊದಲ ಸಾಲೇ. ಕೈಬಿಟ್ಟಿದ್ದೀ ಎನ್ನುವವನು ನನ್ನ ದೇವರೇ ಎಂದು ಕರೆಯುವುದನ್ನು ನಿಲ್ಲಿಸಿಲ್ಲ ಎಂಬುದನ್ನು ಗಮನಿಸಿ. ಅವಿಶ್ವಾಸಿಯು ದೇವರೊಡನೆ ಜಗಳವಾಡುವುದಿಲ್ಲ, ಸುಮ್ಮನೆ ಎದ್ದುಹೋಗುತ್ತಾನೆ. ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನು ಎದ್ದುಹೋಗದೆ ಕೊನೆಯವರೆಗೂ ದೇವರ ಮುಂದೆಯೇ ವಾದ ಮಾಡಿದನು. ಅವನ ಪುಸ್ತಕದ 42ನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ದೇವರ ಪರವಾಗಿ ವಕಾಲತ್ತು ವಹಿಸಿದ ಸ್ನೇಹಿತರ ಮೇಲೆ, ಯೋಬನಾದರೋ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಿದ್ದಾನೆ ಎಂಬ ತೀರ್ಪನ್ನು ಪಡೆಯುತ್ತಾನೆ.

ಇನ್ನು ತಮಗೆ ಹೇಳಲಾದ ವಚನಗಳ ವಿಷಯ. ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾಗುವಾಗ ವಚನಗಳು ಹಿಂದುಮುಂದಿನ ಸಾಲುಗಳನ್ನು ಕಳೆದುಕೊಳ್ಳುತ್ತವೆ. ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂದು ಅಪೊಸ್ತಲನಾದ ಪೌಲನು ಫಿಲಿಪ್ಪಿಯ ಸಭೆಯವರಿಗೆ ಬರೆದದ್ದು ಸೆರೆಯಲ್ಲಿದ್ದಾಗ, ಅದೂ ಹಸಿವನ್ನೂ ಕೊರತೆಯನ್ನೂ ತಾಳಿಕೊಳ್ಳಲು ಕಲಿತಿದ್ದೇನೆಂದು ಹೇಳುತ್ತಾ. ಅದರ ಮರುವಚನದಲ್ಲಿಯೇ, ನನ್ನ ಸಂಕಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತು ಎಂದು ಅವರು ಕಳುಹಿಸಿದ ನೆರವಿಗೆ ಕೃತಜ್ಞತೆ ಹೇಳುತ್ತಾನೆ. ಆದುದರಿಂದ ಆ ವಚನವನ್ನು ಹೇಳಿ ಬರಿಗೈಯಲ್ಲಿ ಎದ್ದುಹೋಗುವವರು ಅರ್ಧ ಮಾತನ್ನಷ್ಟೇ ಹೇಳಿದಂತಾಯಿತು. ತಾಳಲಾರದ ಭಾರದ ಮಾತಾದರೆ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 10ನೆಯ ಅಧ್ಯಾಯದಲ್ಲಿರುವುದು ವಿಗ್ರಹಾರಾಧನೆ, ಜಾರತ್ವಗಳಂಥ ಶೋಧನೆಗಳ, ಅಂದರೆ ಪಾಪಕ್ಕೆ ಸೆಳೆಯುವ ಪ್ರಲೋಭನೆಗಳ ವಿಷಯ. ರೋಗದ ಅಥವಾ ಸಾಲದ ವಿಷಯವಲ್ಲ. ಅದೇ ಪೌಲನು ಎರಡನೆಯ ಪತ್ರಿಕೆಯ ಆರಂಭದಲ್ಲಿಯೇ, ನಮ್ಮ ಶಕ್ತಿಗೆ ಮೀರಿದ ಭಾರ ನಮ್ಮ ಮೇಲೆ ಬಿದ್ದು ಜೀವದ ಆಸೆಯನ್ನೇ ಬಿಟ್ಟಿದ್ದೆವು ಎಂದು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ.

ಬಲ ಬಂದಿದೆಯೆಂದು ಗೊತ್ತಾಗುವುದು ಹೇಗೆ ಎಂಬುದು ಕಠಿಣವಾದ ಪ್ರಶ್ನೆ. ನನ್ನ ಓದಿನಲ್ಲಿ, ಬಲವೆಂಬುದು ಎದೆಯಲ್ಲಿ ಉಕ್ಕುವ ಅನುಭವವಾಗಿ ಬರುವುದಕ್ಕಿಂತ, ನಿಲ್ಲಲಾಗದೆಂದುಕೊಂಡ ಕಡೆ ನಿಂತಿದ್ದೇವೆಂದು ಹಿಂತಿರುಗಿ ನೋಡಿದಾಗ ತಿಳಿಯುವ ಸಂಗತಿಯಾಗಿಯೇ ಹೆಚ್ಚಾಗಿ ಬರುತ್ತದೆ. ಪೌಲನು ತನ್ನ ಶರೀರದಲ್ಲಿ ನಾಟಿದ್ದ ಶೂಲವು ತೊಲಗಬೇಕೆಂದು ಮೂರು ಸಾರಿ ಬೇಡಿಕೊಂಡನು, ಅದು ತೊಲಗಲಿಲ್ಲ. ದೊರೆತದ್ದು ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ. ಸೆರೆಯಾಗುವ ಮುನ್ನ ಗೆತ್ಸೇಮನೆ ತೋಟದಲ್ಲಿ ಯೇಸು ಸಹ ಮೂರು ಸಾರಿ ಪ್ರಾರ್ಥಿಸಿದರೂ ಸಂಕಟದ ಪಾತ್ರೆಯು ದೂರವಾಗಲಿಲ್ಲ. ಕ್ರೈಸ್ತ ವಿಶ್ವಾಸದ ಹೃದಯ ಇಲ್ಲಿದೆಯೆಂದು ನಾನು ತಿಳಿದಿದ್ದೇನೆ: ದೇವರು ನೋವನ್ನು ದೂರದಿಂದ ನೋಡಿ ಆಜ್ಞೆ ಕೊಡುವವನಲ್ಲ, ಕ್ರಿಸ್ತನಲ್ಲಿ ಅದರೊಳಕ್ಕೆ ಇಳಿದುಬಂದವನು. ಪುನರುತ್ಥಾನದ ನಂತರವೂ ಶಿಷ್ಯನಾದ ತೋಮನಿಗೆ ಕಾಣಿಸಿಕೊಂಡ ಶರೀರದಲ್ಲಿ ಗಾಯದ ಗುರುತುಗಳು ಹಾಗೆಯೇ ಇದ್ದವು. ಮರಣಕ್ಕೆ ಕೊನೆಯ ಮಾತಿಲ್ಲವೆಂಬ ನಿರೀಕ್ಷೆಯು, ಆ ಗಾಯಗಳು ಆಗಲೇ ಇಲ್ಲವೆಂದು ನಟಿಸುವುದಿಲ್ಲ.

ಉತ್ತರ 2
ಬರೆದವರು: ನೆಲ್ಲಿಮರ

ಹಿಂದಿನ ಉತ್ತರವನ್ನು ಗೌರವದಿಂದ ಓದಿದೆ; ಆದರೂ ಒಂದು ಎಚ್ಚರಿಕೆಯ ಮಾತನ್ನು ಹೇಳಬೇಕೆನಿಸುತ್ತದೆ. ಗೋಳಾಟಕ್ಕೆ ಸತ್ಯವೇದದಲ್ಲಿ ಸ್ಥಳವಿದೆ, ನಿಜ. ಹಾಗೆಂದು ಅದರಲ್ಲಿಯೇ ನೆಲೆಸಿಬಿಟ್ಟರೆ ಮನಸ್ಸು ಕಹಿಯಾಗುತ್ತದೆ. ನಾನಾ ವಿಧವಾದ ಕಷ್ಟಗಳು ಬಂದಾಗ ಆನಂದಿಸಿರಿ ಎಂದು ಯಾಕೋಬನು ಬರೆದಿದ್ದಾನೆ. ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಅನುಭವಸಿದ್ಧಿ, ಅದರಿಂದ ನಿರೀಕ್ಷೆ ಹುಟ್ಟುತ್ತದೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯವು ಹೇಳುತ್ತದೆ. ಇಬ್ರಿಯರಿಗೆ ಬರೆದ ಪತ್ರಿಕೆಯಂತೂ, ಕರ್ತನು ತಾನು ಪ್ರೀತಿಸುವವನನ್ನು ಶಿಕ್ಷಿಸುತ್ತಾನೆ ಎಂದು ಸ್ಪಷ್ಟವಾಗಿ ತಿಳಿಸುತ್ತದೆ. ಆ ಹಿರಿಯರು ಕೇಳಿದ ರೀತಿ ಒರಟಾಗಿರಬಹುದು. ಆದರೆ ಕಷ್ಟಕಾಲದಲ್ಲಿ ನಮ್ಮನ್ನು ನಾವು ಪರೀಕ್ಷಿಸಿಕೊಳ್ಳುವುದು ತಪ್ಪೆಂದು ಹೇಳಲಾಗದು. ದಿನಕ್ಕೆ ಒಂದಾದರೂ ಉಪಕಾರಸ್ತುತಿಯನ್ನು ಬಲವಂತವಾಗಿಯಾದರೂ ಸಲ್ಲಿಸಿ ಎಂಬುದು ನನ್ನ ಸಲಹೆ. ಭಾವನೆಯು ಹಿಂದಿನಿಂದ ಬರುತ್ತದೆ.

ಉತ್ತರ 3
ಬರೆದವರು: ಹಣತೆ

ನೆಲ್ಲಿಮರ ಅವರ ಕೊನೆಯ ಸಲಹೆಯನ್ನು ನಾನು ಒಪ್ಪುತ್ತೇನೆ, ಅದಕ್ಕಿಂತ ಮುಂಚಿನ ಮಾತನ್ನು ಒಪ್ಪಲಾರೆ. ನಮ್ಮನ್ನು ನಾವು ಪರೀಕ್ಷಿಸಿಕೊಳ್ಳುವುದು ಒಂದು, ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತು ಅವನ ಪಾಪವನ್ನು ಹುಡುಕುವುದು ಇನ್ನೊಂದು. ಹುಟ್ಟುಕುರುಡನನ್ನು ಕಂಡ ಶಿಷ್ಯರು, ಯಾರು ಪಾಪ ಮಾಡಿದರು, ಇವನೋ ಇವನ ತಂದೆತಾಯಿಗಳೋ ಎಂದು ಕೇಳಿದಾಗ ಯೇಸು ಎರಡನ್ನೂ ತಳ್ಳಿಹಾಕಿದರು. ಸಿಲೊವಾಮಿನಲ್ಲಿ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಬೇರೆಯವರಿಗಿಂತ ಹೆಚ್ಚು ಅಪರಾಧಿಗಳಾಗಿದ್ದರೆಂದು ಭಾವಿಸುತ್ತೀರೋ ಎಂದು ಕೇಳಿ, ಅದಕ್ಕೂ ಅಲ್ಲವೆಂದೇ ಉತ್ತರ ಕೊಟ್ಟರು. ಪಶ್ಚಾತ್ತಾಪದ ಕರೆಯನ್ನು ಅವರು ಕೊಟ್ಟದ್ದು ಕೇಳುತ್ತ ನಿಂತಿದ್ದವರಿಗೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಶಿಕ್ಷೆಯ ಮಾತು ಕೂಡ ನಂಬಿಕೆಯ ನಿಮಿತ್ತ ಹಿಂಸೆಯನ್ನು ಅನುಭವಿಸಿ ಬಳಲಿದ್ದವರನ್ನು ಎತ್ತಿನಿಲ್ಲಿಸಲು ಆಡಿದ ಮಾತಾಗಿದೆ.

ಮುಸ್ಸಂಜೆಯವರೇ, ದಿನನಿತ್ಯ ಏನು ಮಾಡಬೇಕೆಂದು ಕೇಳಿದ್ದೀರಿ. ಮರೆವಿನ ಕಾಯಿಲೆಗೆ ಒಳಗಾದ ತಾಯಿಯವರನ್ನು ಅವರ ಕೊನೆಯವರೆಗೂ ನೋಡಿಕೊಂಡವಳು ನಾನು. ಆ ವರ್ಷಗಳಲ್ಲಿ ಸ್ವಂತ ಮಾತಿನ ಪ್ರಾರ್ಥನೆ ನನ್ನಲ್ಲಿ ಬಹುಮಟ್ಟಿಗೆ ನಿಂತೇಹೋಗಿತ್ತು. ಉಳಿದದ್ದು ಬಾಯಿಪಾಠವಾಗಿದ್ದ ಕರ್ತನ ಪ್ರಾರ್ಥನೆ ಮತ್ತು 23ನೆಯ ಕೀರ್ತನೆ. ತಾಯಿಯವರು ನನ್ನ ಹೆಸರನ್ನು ಮರೆತ ಮೇಲೂ ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ನಾನು ಆರಂಭಿಸಿದರೆ ಜೊತೆಗೂಡುತ್ತಿದ್ದರು. ಬಾಯಿಪಾಠದ ಪ್ರಾರ್ಥನೆಯಲ್ಲಿ ಜೀವವಿಲ್ಲವೆಂದು ಕೆಲವರು ಹೇಳುವುದುಂಟು. ದಣಿದವರ ಪಾಲಿಗೆ ಅದು ಊರುಗೋಲು. ಊರುಗೋಲು ಹಿಡಿದವನನ್ನು ಯಾರೂ ನಡೆಯುತ್ತಿಲ್ಲವೆನ್ನುವುದಿಲ್ಲ. ಮಾತೇ ಹೊರಡದಿದ್ದರೆ ಸುಮ್ಮನೆ ಕುಳಿತುಕೊಳ್ಳಿ. ಏನು ಪ್ರಾರ್ಥಿಸಬೇಕೋ ನಮಗೆ ತಿಳಿಯದಿರುವಾಗ ಪವಿತ್ರಾತ್ಮನು ತಾನೇ ಮಾತಿಲ್ಲದ ನರಳಾಟದಿಂದ ನಮಗೋಸ್ಕರ ಬೇಡಿಕೊಳ್ಳುತ್ತಾನೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 8ನೆಯ ಅಧ್ಯಾಯದಲ್ಲಿದೆ. ಎಲ್ಲವೂ ಹಿತಕ್ಕಾಗಿ ಅನುಕೂಲವಾಗುತ್ತದೆ ಎಂಬ ಪ್ರಸಿದ್ಧ ವಚನವು ಬರುವುದು ಅದರ ನಂತರವೇ. ಓದುವಾಗ ಈ ಕ್ರಮವನ್ನು ಬಿಡಬಾರದು.

ಇನ್ನೊಂದು ವಿಷಯವನ್ನು ನೇರವಾಗಿ ಹೇಳುತ್ತೇನೆ. ನಿಮ್ಮ ಪತ್ರದಲ್ಲಿ ನಿದ್ರೆಯ ಮಾತು ಎಲ್ಲಿಯೂ ಇಲ್ಲ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯದಲ್ಲಿ ಪ್ರವಾದಿಯಾದ ಎಲೀಯನು ಮರದ ಕೆಳಗೆ ಕುಳಿತು, ಸಾಕು ಕರ್ತನೇ, ನನ್ನ ಪ್ರಾಣವನ್ನು ತೆಗೆದುಬಿಡು ಎಂದು ಬೇಡಿದಾಗ ದೇವದೂತನು ಅವನಿಗೆ ಉಪದೇಶ ಮಾಡಲಿಲ್ಲ. ರೊಟ್ಟಿಯನ್ನೂ ನೀರನ್ನೂ ಇಟ್ಟು ತಿನ್ನು ಎಂದನು, ಮತ್ತೆ ಮಲಗಲು ಬಿಟ್ಟನು, ಎರಡನೆಯ ಸಾರಿ ಎಬ್ಬಿಸಿ ಪುನಃ ತಿನ್ನಿಸಿದನು. ದೇವರ ಮೃದುವಾದ ಸ್ವರವನ್ನು ಅವನು ಕೇಳಿದ್ದು ಇದೆಲ್ಲ ಆದ ಮೇಲೆ. ಆದ್ದರಿಂದ ರಾತ್ರಿಯ ಪ್ರಾರ್ಥನೆಯನ್ನು ಚಿಕ್ಕದು ಮಾಡಿ ಬೇಗ ಮಲಗಿದರೆ ಅದು ಭಕ್ತಿಯ ಕೊರತೆಯೆಂದು ದಯವಿಟ್ಟು ಎಣಿಸಿಕೊಳ್ಳಬೇಡಿ.

ಸಭೆಯವರಿಗೆ ನಿಮ್ಮ ಅಗತ್ಯವನ್ನು ಬಿಡಿಸಿ ಹೇಳಿ. ನಮಗಾಗಿ ಪ್ರಾರ್ಥಿಸಿ ಎಂದರೆ ಅವರು ವಚನವನ್ನೇ ತರುತ್ತಾರೆ. ಆಸ್ಪತ್ರೆಗೆ ಇಂಥ ದಿನ ಜೊತೆಗೆ ಬರುವವರು ಬೇಕು, ಮಕ್ಕಳನ್ನು ಸಂಜೆ ನೋಡಿಕೊಳ್ಳುವವರು ಬೇಕು, ಈ ತಿಂಗಳು ಇಷ್ಟು ಹಣದ ಕೊರತೆಯಿದೆ ಎಂದು ಹೇಳಿದರೆ ಕೆಲವರಾದರೂ ಎದ್ದು ಬರುತ್ತಾರೆ. ಅಪೊಸ್ತಲರ ಕಾಲದಲ್ಲಿಯೇ ವಿಧವೆಯರ ದಿನನಿತ್ಯದ ಆಹಾರದ ಏರ್ಪಾಡಿಗೆಂದು ಏಳು ಮಂದಿಯನ್ನು ಆರಿಸಿದ್ದರು. ಕೇಳುವುದರಲ್ಲಿ ಅವಮಾನವಿಲ್ಲ.

ಉತ್ತರ 4
ಬರೆದವರು: ಮುಸ್ಸಂಜೆ

ಮೂವರಿಗೂ ವಂದನೆಗಳು. 88ನೆಯ ಕೀರ್ತನೆಯನ್ನು ನಾನು ಇದುವರೆಗೆ ಗಮನಿಸಿ ಓದಿರಲಿಲ್ಲ. ಪತಿಯವರಿಗೆ ಓದಿ ಹೇಳಿದೆ. ಅವರು ಇನ್ನೊಮ್ಮೆ ಓದು ಎಂದರು. ಬಹಳ ದಿನಗಳ ಮೇಲೆ ಅವರು ಸತ್ಯವೇದದ ವಿಷಯದಲ್ಲಿ ಆಡಿದ ಮಾತು ಅದು.

ನೆಲ್ಲಿಮರ ಅವರೇ, ತಾವು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ. ಕಹಿಯ ಭಯ ನನಗೂ ಇದೆ. ಈ ಸಭೆಯನ್ನು ಬಿಟ್ಟು ಬೇರೆ ಕಡೆಗೆ ಹೋಗಿಬಿಡೋಣವೆಂದು ಎಷ್ಟೋ ರಾತ್ರಿ ಅನ್ನಿಸಿದೆ. ಬೆಳಿಗ್ಗೆ ಆ ಯೋಚನೆ ಅಷ್ಟು ಬಲವಾಗಿರುವುದಿಲ್ಲ. ಮತ್ತೊಂದು ಮಾತನ್ನು ಕೇಳಲು ಸಂಕೋಚವಾಗುತ್ತದೆ. ಪತಿಯವರ ಡಾಕ್ಟರರು ನನ್ನನ್ನು ಕಂಡು, ನೀವೂ ಮನೋವೈದ್ಯರನ್ನು ಒಮ್ಮೆ ನೋಡುವುದು ಒಳ್ಳೆಯದು ಎಂದಿದ್ದಾರೆ. ಪ್ರಾರ್ಥನೆಯಿಂದ ಆಗಬೇಕಾದದ್ದನ್ನು ಮಾತ್ರೆಯಿಂದ ಮಾಡಿಕೊಳ್ಳುವುದು ಸರಿಯೇ?

ಉತ್ತರ 5
ಬರೆದವರು: ಜಪಸರ

ಸಹೋದರಿಯವರೇ, ನಾನು ಕಥೋಲಿಕ ಸಂಪ್ರದಾಯದವನು. ನಮ್ಮ ಕಡೆಯಿಂದ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಮೊದಲು ಕೊನೆಯ ಪ್ರಶ್ನೆ. ದಯವಿಟ್ಟು ಮನೋವೈದ್ಯರನ್ನು ನೋಡಿ. ನಿಮ್ಮ ಪತಿಯವರ ರಕ್ತವನ್ನು ಶುದ್ಧಗೊಳಿಸುವ ಯಂತ್ರದಿಂದ ಅವರ ವಿಶ್ವಾಸಕ್ಕೆ ಕುಂದು ಬರುವುದಿಲ್ಲವಾದರೆ, ದಣಿದ ನಿಮ್ಮ ಮನಸ್ಸಿಗೆ ಕೊಡುವ ಚಿಕಿತ್ಸೆಯಿಂದಲೂ ಬರುವುದಿಲ್ಲ. ಪೌಲನ ಜೊತೆಗಾರನಾದ ಲೂಕನು ವೈದ್ಯನೆಂದು ಕೊಲೊಸ್ಸೆಯವರಿಗೆ ಬರೆದ ಪತ್ರಿಕೆಯಲ್ಲಿಯೇ ಇದೆ. ತನ್ನ ಕಿರಿಯ ಜೊತೆಗಾರನಾದ ತಿಮೊಥೆಯನ ಪದೇಪದೇ ಬರುವ ಅಸ್ವಸ್ಥತೆಗೆ ಪೌಲನು ಆ ಕಾಲದ ಮದ್ದನ್ನೇ ಸೂಚಿಸಿದ್ದಾನೆ. ಲಂಡನ್ನಿನ ಪ್ರಸಿದ್ಧ ಪ್ರೊಟೆಸ್ಟಂಟ್ ಬೋಧಕ ಚಾರ್ಲ್ಸ್ ಸ್ಪರ್ಜನ್ (1834–1892) ತಮಗೆ ಮತ್ತೆಮತ್ತೆ ಮುಸುಕುತ್ತಿದ್ದ ಖಿನ್ನತೆಯನ್ನು ತಮ್ಮ ಜನರಿಂದ ಮುಚ್ಚಿಡಲಿಲ್ಲ. ಖಿನ್ನತೆ ಬಂದವರೆಲ್ಲ ಅಲ್ಪವಿಶ್ವಾಸಿಗಳೆಂದರೆ ಸಭೆಯ ಚರಿತ್ರೆಯಿಂದ ಬಹಳ ದೊಡ್ಡ ಹೆಸರುಗಳನ್ನು ಅಳಿಸಬೇಕಾದೀತು. ಬದುಕೇ ಬೇಡವೆಂಬ ಯೋಚನೆ ಎಂದಾದರೂ ಬಂದರೆ ಅಂದೇ ಯಾರಿಗಾದರೂ ಹೇಳಿ, ಮರುದಿನದವರೆಗೆ ಕಾಯಬೇಡಿ.

ಸಭೆಯನ್ನು ಬಿಡುವ ಯೋಚನೆಯ ವಿಷಯದಲ್ಲಿ ಸಂತ ಇಗ್ನೇಷಿಯಸ್ ಲೊಯೋಲಾ (1491–1556) ಅವರ ಒಂದು ನಿಯಮ ನನಗೆ ಬಹಳ ಉಪಯೋಗಕ್ಕೆ ಬಂದಿದೆ. ಮನಸ್ಸು ಬರಿದಾಗಿ ದೇವರು ದೂರವಾದಂತೆ ತೋರುವ ಸಮಯದಲ್ಲಿ ಯಾವ ಹೊಸ ನಿರ್ಧಾರವನ್ನೂ ಮಾಡಬಾರದು. ಸಮಾಧಾನವಿದ್ದಾಗ ಮಾಡಿದ ನಿರ್ಧಾರದಲ್ಲಿಯೇ ನಿಲ್ಲಬೇಕು ಎಂದು ಅವರು ಬರೆದರು. 1521ರಲ್ಲಿ ಯುದ್ಧದಲ್ಲಿ ಕಾಲು ಮುರಿದು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದಾಗ ತಮ್ಮದೇ ಮನಸ್ಸಿನ ಏರಿಳಿತಗಳನ್ನು ಗಮನಿಸಲು ಕಲಿತ ಮನುಷ್ಯ ಅವರು. ರಾತ್ರಿ ಬಲವಾಗಿದ್ದು ಬೆಳಿಗ್ಗೆ ಇಳಿಯುವ ಯೋಚನೆಯೆಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ಅದು ಹಗಲಿನವರೆಗೆ ಕಾಯಲಿ. ಹಗಲಿನಲ್ಲಿಯೂ, ಮನಸ್ಸು ತಿಳಿಯಾಗಿರುವಾಗಲೂ ಅದೇ ಸರಿಯೆನಿಸಿದರೆ ಆಗ ಯೋಚಿಸಬಹುದು. ನೋಯಿಸುವ ಕಡೆಯಲ್ಲಿಯೇ ಇರಬೇಕೆಂದು ಯಾರೂ ವಿಧಿಸಿಲ್ಲ.

ದೇವರ ಇರವು ಅನುಭವಕ್ಕೆ ಬಾರದಿದ್ದರೆ ವಿಶ್ವಾಸ ಸತ್ತಿದೆಯೆಂದಲ್ಲ. 1997ರಲ್ಲಿ ತೀರಿಕೊಂಡ ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಪ್ರಕಟವಾದಾಗ, ದಶಕಗಳ ಕಾಲ ಅವರು ಒಳಗೆ ದಟ್ಟವಾದ ಕತ್ತಲೆಯನ್ನೇ ಅನುಭವಿಸಿದ್ದರೆಂದು ಜಗತ್ತಿಗೆ ತಿಳಿಯಿತು. ಆ ಅವಧಿಯಲ್ಲಿಯೂ ಅವರು ಬೆಳಗಿನ ಪ್ರಾರ್ಥನೆಯನ್ನು ಬಿಡಲಿಲ್ಲ, ರೋಗಿಗಳ ಸೇವೆಯನ್ನೂ ಬಿಡಲಿಲ್ಲ. ಇದನ್ನು ಓದಿ ಕೆಲವರು ಅವರಿಗೆ ವಿಶ್ವಾಸವೇ ಇರಲಿಲ್ಲವೆಂದರು. ನನಗಾದರೋ ವಿಶ್ವಾಸವೆಂದರೆ ಏನೆಂಬುದು ಅಲ್ಲಿಯೇ ಹೆಚ್ಚು ಸ್ಪಷ್ಟವಾಗಿ ಕಂಡಿತು.

ನಿಮ್ಮ ಪತಿಯವರು ಒಪ್ಪಿದರೆ, ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯದಲ್ಲಿ ಹೇಳಿರುವಂತೆ ಸಭೆಯ ಹಿರಿಯರಿಂದ ಎಣ್ಣೆ ಹಚ್ಚಿಸಿ ಪ್ರಾರ್ಥಿಸುವ ಪದ್ಧತಿ ನಿಮ್ಮಲ್ಲಿದೆಯೇ ಎಂದು ವಿಚಾರಿಸಿ. ನಮ್ಮಲ್ಲಿ ಇದು ಒಂದು ಸಂಸ್ಕಾರ. ಬಹಳ ಕಾಲ ಸಾಯುವವರಿಗೆ ಮಾತ್ರ ಎಂಬಂತಾಗಿದ್ದುದನ್ನು 1972ರಲ್ಲಿ ಆರನೆಯ ಪೌಲ್ ಪೋಪರು ಗಂಭೀರವಾಗಿ ಅಸ್ವಸ್ಥರಾದ ಎಲ್ಲರಿಗಾಗಿ ಎಂದು ಪುನಃ ಸ್ಪಷ್ಟಪಡಿಸಿದರು.

ಉತ್ತರ 6
ಬರೆದವರು: ನೆಲ್ಲಿಮರ

ಹಣತೆಯವರು ತೋರಿಸಿದ ಭೇದವನ್ನು ಒಪ್ಪುತ್ತೇನೆ; ರೋಗಿಯ ಎದುರಿಗೆ ಹಾಗೆ ಕೇಳುವುದನ್ನು ನಾನು ಸಮರ್ಥಿಸಲಾರೆ. ಉಪಕಾರಸ್ತುತಿಯ ಸಲಹೆಯನ್ನು ಮಾತ್ರ ಹಿಂತೆಗೆದುಕೊಳ್ಳುವುದಿಲ್ಲ. ಪ್ರಲಾಪಗಳ ಪುಸ್ತಕದಲ್ಲಿ ಹಾಳಾದ ನಗರದ ನಡುವೆ ಅಳುತ್ತಿರುವವನೇ, ಕರ್ತನ ಕರುಣೆಯು ದಿನದಿನವೂ ಹೊಸದಾಗಿದೆ ಎಂದೂ ಹೇಳುತ್ತಾನೆ. ಆ ಮಾತಿನ ಮೇಲೂ ಕೆಳಗೂ ಅಳುವೇ ಇದೆ. ಎರಡೂ ಒಂದೇ ಬಾಯಲ್ಲಿ ಇರಬಹುದು ಎಂಬುದಷ್ಟೇ ನನ್ನ ಮಾತು.

ಉತ್ತರ 7
ಬರೆದವರು: ಹಳೆಯ ಓದುಗ

ಆ ಮಾತಿಗೆ ನನ್ನ ಸಹಮತವಿದೆ.

ಮುಸ್ಸಂಜೆಯವರೇ, ಪತಿಯವರು ಯಾರನ್ನೂ ಕರೆಯಬೇಡ ಎಂದದ್ದರ ಬಗ್ಗೆ ಒಂದು ಸಲಹೆ. ಯೋಬನ ಸ್ನೇಹಿತರು ಮೊದಲ ಏಳು ದಿನ ಹಗಲಿರುಳು ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ಅವರು ಮಾಡಿದ ಉಪಕಾರವೆಂದರೆ ಅದೊಂದೇ, ಕೆಟ್ಟದ್ದೆಲ್ಲ ಬಾಯಿ ತೆರೆದ ಮೇಲೆ. ಸುಮ್ಮನಿರಲು ಬಲ್ಲವರು ನಿಮ್ಮ ಸಭೆಯಲ್ಲಿ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ಪತಿಯವರೇ ಅವರನ್ನು ಆರಿಸಲಿ. ಬರುವವರಿಗೆ ಮುಂಚಿತವಾಗಿಯೇ ತಿಳಿಸಿಬಿಡಿ: ಅರ್ಧ ಗಂಟೆ ಇರಬೇಕು, ಪತಿಯವರು ಕೇಳಿದ ಕೀರ್ತನೆಯನ್ನು ಓದಬೇಕು, ವಿವರಣೆ ಬೇಡ. ಪಾರ್ಶ್ವವಾಯು ರೋಗಿಯನ್ನು ನಾಲ್ವರು ಹೊತ್ತುತಂದು ಛಾವಣಿಯಿಂದ ಇಳಿಸಿದಾಗ ಯೇಸು ಆ ಹೊತ್ತುತಂದವರ ನಂಬಿಕೆಯನ್ನು ನೋಡಿದರೆಂದು ಮಾರ್ಕನು ಬರೆದಿದ್ದಾನೆ. ನಿಮ್ಮಿಬ್ಬರ ಪಾಲಿನ ಪ್ರಾರ್ಥನೆಯನ್ನು ಸದ್ಯಕ್ಕೆ ಅಂಥವರು ಮಾಡಲಿ. ಇಲ್ಲಿ ಓದುತ್ತಿರುವ ನಾವೂ ಮಾಡುತ್ತೇವೆ. ಡಯಾಲಿಸಿಸ್ ಯಾವ ಯಾವ ದಿನಗಳಲ್ಲಿ ಎಂದು ತಿಳಿಸಿದರೆ ಆ ದಿನಗಳನ್ನು ಹಂಚಿಕೊಳ್ಳಬಹುದು.